ಬಾವುಟ ಹಿಡಿಯುವ ಮೊದಲು

ಪ್ರಿಯ ವಿದ್ಯಾರ್ಥಿಗಳೇ,

ಕಳೆದ ವರ್ಷ ಒಂದು ಮೆರವಣಿಗೆಯಲ್ಲಿ ರಾಣಿ ಅಬ್ಬಕ್ಕನ ಸೈನಿಕರ ವೇಷ ತೊಟ್ಟ ತರುಣರು ಗಂಡಭೇರುಂಡದ ಬಾವುಟ ಹಿಡಿದು ನಡೆದರು. ಅದೇಕೆಂದು ಕೇಳಿದೆ. "ಕೊಟ್ಟರು, ಹಿಡಿದೆವು ಸರ್" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕರೆತಂದವರ ಮೇಲಿದೆ.

ಯಕ್ಷಗಾನ ಮೇಳ ಸೇರಿದ ಹೊಸಬ ಕೋಡಂಗಿ, ಬಾಲಗೋಪಾಲರಲ್ಲಿ ಪಳಗಿದ ಮೇಲಷ್ಟೇ ದೊಡ್ಡ ವೇಷಕ್ಕೆ ಏರುತ್ತಿದ್ದ. ಇತಿಹಾಸದ ವೇಷಕ್ಕೆ ಮಾತ್ರ ಬಾಡಿಗೆಯ ಖಡ್ಗ, ಉಪಾಹಾರದ ಪೊಟ್ಟಣ ಸಾಕೇ?

ಲಾಂಛನವು ಅಲಂಕಾರವಲ್ಲ, ಅರಸನ ಸಹಿ. ಆಳುಪರದು ಜೋಡಿ ಮೀನು; ವಿಜಯನಗರದ್ದು ವರಾಹ, ಖಡ್ಗ, ಸೂರ್ಯಚಂದ್ರರು. ಗಂಡಭೇರುಂಡವಾದರೋ 1047ರಲ್ಲಿ ಬಳ್ಳಿಗಾವಿಯ ಸ್ತಂಭವನ್ನೇರಿ, ಮುಂದೆ ಅಚ್ಯುತರಾಯನ ನಾಣ್ಯಗಳಲ್ಲಿ ಕಾಣಿಸಿಕೊಂಡು, ಮೈಸೂರು ಒಡೆಯರ ಮುದ್ರೆಯಾಗಿ, ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ನಿಂತಿದೆ. ಅದನ್ನು ಚೌಟರ ಅಬ್ಬಕ್ಕನಿಗೆ ಯಾವ ಆಧಾರದಿಂದ ಕೊಟ್ಟರು?

"ಇಷ್ಟೆಲ್ಲ ಕಲಿಸಹೊರಟರೆ ಹುಡುಗರು ಬರುವುದಿಲ್ಲ" ಎನ್ನುತ್ತಾರೆ. ನಾನೊಪ್ಪೆ. ಮೂಡಬಿದಿರೆಯ ಚೌಟರ ಅರಮನೆಯ ಕಂಬದಲ್ಲಿ ಒಂಬತ್ತು ನಾರಿಯರು ಸೇರಿ ಆನೆಯಾದುದನ್ನು ಎಣಿಸತೊಡಗಿದ ನಿಮ್ಮನ್ನು ಬಸ್ಸು ಹತ್ತಿಸಲು ನಾನು ಪಟ್ಟ ಪಾಡು ನೆನಪಿದೆಯಷ್ಟೆ?

ಮುಂದಿನ ಮೆರವಣಿಗೆಗೆ ಮೊದಲು ಒಂದು ಭಾನುವಾರ ಆ ಹುಡುಗರನ್ನು ನನಗೊಪ್ಪಿಸಲಿ. ಕನ್ಯಾನದಿಂದ ಬಸ್ಸಿನ ಖರ್ಚು ನನ್ನದು.