ಹೂವಾಡಗಿತ್ತಿ ಮತ್ತು ಸಾಹುಕಾರ್ತಿ: ಸ್ತ್ರೀಯರ ಉದ್ಯಮವನ್ನು ಕುರಿತು ಕೆಲವು ವಿಚಾರಗಳು

ಕನ್ನಡದಲ್ಲಿ ಕಸುಬನ್ನು ಸೂಚಿಸುವ ಎಷ್ಟೋ ಶಬ್ದಗಳು ‘ಗಿತ್ತಿ’ ಎಂಬ ಪ್ರತ್ಯಯ ಸೇರಿ ಸ್ತ್ರೀವಾಚಕಗಳಾಗುವುದು ವಿದಿತವೇ ಆಗಿದೆ. ಒಕ್ಕಲಿಗನಿಗೆ ಒಕ್ಕಲಗಿತ್ತಿ, ಹೂವಾಡಿಗನಿಗೆ ಹೂವಾಡಗಿತ್ತಿ, ಅಗಸನಿಗೆ ಅಗಸಗಿತ್ತಿ. ಸೂಲಗಿತ್ತಿಗಂತೂ ಪುಲ್ಲಿಂಗರೂಪವೇ ಬೇಕಾಗಲಿಲ್ಲ. ಈ ಶಬ್ದಗಳಲ್ಲಿ ಸ್ತ್ರೀಯು ಕೇವಲ ಮತ್ತೊಬ್ಬರ ಮಡದಿಯೆಂಬ ಕಾರಣದಿಂದ ಹೆಸರು ಪಡೆದವಳಲ್ಲ. ಹೂ ಕಟ್ಟಿ ಮಾರುವುದರಿಂದ ಅವಳು ಹೂವಾಡಗಿತ್ತಿ. ಆದರೆ ‘ಸಾಹುಕಾರ್ತಿ’ ಎಂಬ ಶಬ್ದವನ್ನು ಪರಾಮರ್ಶಿಸಿದರೆ ಸ್ಥಿತಿ ಬೇರೆಯಾಗಿ ತೋರುತ್ತದೆ. ಊರವರ ಬಾಯಲ್ಲಿ ಸಾಹುಕಾರ್ತಿ ಎಂದರೆ ಬಹುಮಟ್ಟಿಗೆ ಸಾಹುಕಾರನ ಹೆಂಡತಿ. ತಾನೇ ಸಾಲ ಕೊಡುವವಳು, ತಾನೇ ದಾಸ್ತಾನು ಮಾಡಿ ಬೆಲೆ ಕಟ್ಟುವವಳು ಎಂಬ ಅರ್ಥ ಅದಕ್ಕೆ ಸುಲಭವಾಗಿ ಬಾರದು. ದುಡಿಮೆಯಲ್ಲಿ ಸ್ತ್ರೀಗೆ ಸ್ವಂತ ಹೆಸರುಂಟು, ಬಂಡವಾಳದಲ್ಲಿ ಇಲ್ಲ. ಭಾಷೆಯು ಸುಮ್ಮನೆ ಹೀಗೆ ನಡೆದುಕೊಳ್ಳುವುದಿಲ್ಲ. ಸಮಾಜದ ನಡೆ ಹೇಗೋ ನುಡಿಯೂ ಹಾಗೆಯೇ.

ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳನ್ನು ನೆನೆದರೂ ಇದೇ ಮಾತು ದೃಢವಾಗುತ್ತದೆ. ಕದಿರೆ ರೆಮ್ಮವ್ವೆ ನೂಲು ತೆಗೆಯುವವಳು, ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುವವಳು. ಲಕ್ಕಮ್ಮನ ಹೆಸರಿನ ಮುಂದೆ ಆಯ್ದಕ್ಕಿಯೇ ನಿಂತಿದೆ. ಕಾಯಕವೇ ಅಂಕಿತದಂತೆ ಹೆಸರಿಗೆ ಅಂಟಿಕೊಂಡ ಪರಂಪರೆಯುಳ್ಳ ನಾಡಿನಲ್ಲಿ, ಇಂದು ‘ಮಹಿಳಾ ಉದ್ಯಮಶೀಲತೆ’ ಎಂಬ ಹೊಸ ಸಮಾಸವನ್ನು ಹಿಡಿದು ಸ್ತ್ರೀಯರಿಗೆ ದುಡಿಮೆಯ ಮಹತ್ತ್ವವನ್ನು ಉಪದೇಶಿಸುವ ಸಭೆಗಳು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತವೆ. ಕಲಿಸಬೇಕಾದುದು ದುಡಿಮೆಯಲ್ಲ. ಇಲ್ಲದಿರುವುದು ದುಡಿಮೆಯ ಬೆನ್ನಿಗಿರಬೇಕಾದ ಕೂಟ, ಎಂದರೆ ಹೊತ್ತಿಗೆ ಸಾಲ ಕೊಡುವವರು, ಸರಕು ಕೊಳ್ಳುವವರು, ದಾರಿ ಹೇಳುವವರು.

ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಸ್ತ್ರೀಯರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿಜಯಪುರ, ಬಾಗಲಕೋಟೆ, ಕಲಬುರಗಿ, ಹುಬ್ಬಳ್ಳಿಗಳಲ್ಲಿ ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಎಣಿಕೆಯ ಲೆಕ್ಕದಲ್ಲಿ ರೊಟ್ಟಿ ಮಾಡಿಕೊಡುವ ಮನೆಗಳಿವೆ. ಒಣಗಿಸಿದ ಖಡಕ್ ರೊಟ್ಟಿಯು ಬಹುದಿನ ಕೆಡದಿರುವುದರಿಂದ ದೂರದ ಊರುಗಳಿಗೂ ಹೋಗುತ್ತದೆ. ಅದರ ಜೊತೆಗೆ ಶೇಂಗಾ ಚಟ್ನಿಯೂ ಅಗಸೆ ಹಿಂಡಿಯೂ ಹೋಗುತ್ತವೆ. ಯಾವ ಜೋಳದ ಹಿಟ್ಟಿಗೆ ಜಿಗಿ ಬರುತ್ತದೆ, ಯಾವುದು ಬಿಳುಪು ರೊಟ್ಟಿಗೆ ಒದಗುತ್ತದೆ, ಎಷ್ಟು ಹಿಟ್ಟಿಗೆ ಎಷ್ಟು ರೊಟ್ಟಿ ಎಂಬುದನ್ನು ಈ ತಾಯಂದಿರಿಗೆ ಯಾವ ತರಬೇತಿ ಕೇಂದ್ರವೂ ಹೇಳಿಕೊಡಬೇಕಾಗಿಲ್ಲ. ಆದರೆ ಹಿಂಗಾರಿನ ಸುಗ್ಗಿಯಲ್ಲಿ ಜೋಳ ಅಗ್ಗವಾದಾಗ ವರ್ಷಕ್ಕಾಗುವಷ್ಟು ಚೀಲಗಳನ್ನು ಕೊಂಡಿಡಲು ಕೈಯಲ್ಲಿ ಹಣವಿಲ್ಲ. ಆದ್ದರಿಂದ ಕಿರಾಣಿ ಅಂಗಡಿಯಲ್ಲಿ ಅಂದಂದಿನ ಧಾರಣೆಗೆ ಕಿಲೋ ಲೆಕ್ಕದಲ್ಲಿ ಕೊಳ್ಳಬೇಕು. ಕೊಂಡು ಬೇಯಿಸಿದ ರೊಟ್ಟಿಯನ್ನು ಖಾನಾವಳಿಯವರು ಉದ್ದರಿ ಒಯ್ಯುತ್ತಾರೆ. ಹಣ ಬರುವುದು ತಿಂಗಳ ಮೇಲೆ, ಕೆಲವೊಮ್ಮೆ ಅದರ ಮೇಲೂ ಒಂದು ತಿಂಗಳು. ಅಲ್ಲಿಯವರೆಗೆ ಹಿಟ್ಟಿಗೂ ಉರುವಲಿಗೂ ಬಡ್ಡಿಯ ಸಾಲವೇ ಗತಿ. ಒಲೆಯ ಮುಂದೆ ಕುಳಿತವಳ ಲಾಭವು ಸುಗ್ಗಿಯಲ್ಲಿ ಕೊಂಡವನಿಗೂ ಬಡ್ಡಿಗೆ ಕೊಟ್ಟವನಿಗೂ ಹಂಚಿಹೋಗುತ್ತದೆ. ಅವಳು ಇನ್ನೂ ನೂರು ರೊಟ್ಟಿ ಹೆಚ್ಚು ಬಡಿದರೆ ಈ ಕಷ್ಟ ಪರಿಹಾರವಾಗದು.

ಬ್ಯಾಂಕಿಗೆ ಹೋಗಬಾರದೇ ಎಂದು ಕೇಳುವವರುಂಟು. ಬ್ಯಾಂಕಿನ ಮೊದಲ ಪ್ರಶ್ನೆ ಆಧಾರವಾಗಿಡಲು ಏನಿದೆ ಎಂಬುದು. ಹೊಲ ಗಂಡನ ಹೆಸರಿನಲ್ಲಿ, ಮನೆ ಮಾವನ ಹೆಸರಿನಲ್ಲಿ. ಹುಟ್ಟಿದ ಮನೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಭಾಗವೆಂದು ಕರ್ನಾಟಕದ ತಿದ್ದುಪಡಿಯು 1994ರಲ್ಲಿಯೂ ಕೇಂದ್ರದ ತಿದ್ದುಪಡಿಯು 2005ರಲ್ಲಿಯೂ ಜಾರಿಗೆ ಬಂದವು. ಕಾನೂನು ಹೀಗಿದ್ದರೂ ‘ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದೇವಲ್ಲ’ ಎಂದು ಹೇಳಿ ಅಕ್ಕತಂಗಿಯರಿಂದ ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಳ್ಳುವುದು ಸುಶಿಕ್ಷಿತರ ಮನೆಗಳಲ್ಲಿಯೂ ನಡೆದಿದೆ. ವೇದಿಕೆಯ ಮೇಲೆ ಸ್ತ್ರೀ ಸಬಲೀಕರಣವನ್ನು ಕುರಿತು ಭಾಷಣ ಮಾಡಿ, ಉಪನೋಂದಣಾಧಿಕಾರಿಯ ಕಚೇರಿಗೆ ತಂಗಿಯನ್ನು ಕರೆದುಕೊಂಡು ಹೋಗುವ ಮಹನೀಯರು ಯಾವ ಊರಿನಲ್ಲಿಯೂ ದುರ್ಲಭರಲ್ಲ.

ಹೀಗೆ ಒಬ್ಬೊಬ್ಬಳಾಗಿ ನಿಂತಾಗ ದಾಟಲಾಗದುದನ್ನು ಸ್ತ್ರೀಯರು ಕೂಡಿ ದಾಟಿದ ನಿದರ್ಶನಗಳಿವೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಮನೆಯ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ಸಿದ್ಧವಾದುದು ನಾಲ್ಕು ಪೊಟ್ಟಣ. ಅದೇ ಇಂದು ದೇಶವೆಲ್ಲ ಬಲ್ಲ ಲಿಜ್ಜತ್ ಪಾಪಡ್ ಸಂಸ್ಥೆ. ಅದರ ಏರ್ಪಾಡು ವಿಚಾರಾರ್ಹವಾದುದು. ಹಿಟ್ಟು ಕಲಸುವ ಕೆಲಸ ಶಾಖೆಯಲ್ಲಿ. ಮುಂಜಾನೆ ಸದಸ್ಯೆಯರು ಕಲಸಿದ ಹಿಟ್ಟನ್ನು ಒಯ್ದು ಮನೆಯಲ್ಲಿ ಲಟ್ಟಿಸಿ ಒಣಗಿಸಿ, ಹಪ್ಪಳವನ್ನು ಮರಳಿ ತಂದೊಪ್ಪಿಸಿ ಕೂಲಿ ಪಡೆಯುತ್ತಾರೆ. ಧಾನ್ಯದ ಸಗಟು ಖರೀದಿ, ಮಾರಾಟ, ಉದ್ದರಿಯ ವಸೂಲಿ, ಇವೆಲ್ಲ ಸಂಸ್ಥೆಯ ಹೊಣೆ. ರೊಟ್ಟಿಯವಳನ್ನು ಹಿಂಡುವ ಎರಡು ತೊಡಕುಗಳೂ ಇಲ್ಲಿ ಅವಳ ಹೆಗಲಿನಿಂದ ಇಳಿದಿವೆ. ಸದಸ್ಯೆಯು ಅಲ್ಲಿ ಕೂಲಿಯಾಳಲ್ಲ, ಒಡೆತನದ ಪಾಲುದಾರಳು; ಪರಸ್ಪರ ಸಂಬೋಧನೆ ‘ಬೆನ್’, ಎಂದರೆ ಅಕ್ಕ. ದಾನವನ್ನು ಸ್ವೀಕರಿಸಬಾರದೆಂದು ಆ ಏಳು ಮಂದಿ ಆರಂಭದಲ್ಲಿಯೇ ನಿಶ್ಚಯಿಸಿದುದು ಗಮನಾರ್ಹ. ಅವರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಅಹಮದಾಬಾದಿನ ‘ಸೇವಾ’ ಸಂಘದ ಚರಿತ್ರೆಯು ಇದಕ್ಕಿಂತಲೂ ಆಳವಾದುದು. ತಲೆಹೊರೆಯವರು, ತರಕಾರಿ ಮಾರುವವರು, ಚಿಂದಿ ಬಟ್ಟೆಯಿಂದ ಕೌದಿ ಹೊಲಿಯುವವರು, ಇಂತಹವರನ್ನು ಕೂಡಿಸಿ ಇಳಾ ಭಟ್ಟರು 1972ರಲ್ಲಿ ಅದನ್ನು ಕಟ್ಟಿದರು. ಮುಂಜಾನೆ ತಂದ ಸಾಲವನ್ನು ಸಂಜೆ ಬಡ್ಡಿಯೊಡನೆ ಮರಳಿಸಬೇಕಾಗಿದ್ದ ಆ ಸ್ತ್ರೀಯರು 1974ರಲ್ಲಿ ತಲೆಗೆ ಹತ್ತು ರೂಪಾಯಿಯಂತೆ ಸುಮಾರು ನಾಲ್ಕು ಸಾವಿರ ಮಂದಿ ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಸಹಿ ಬಾರದವರ ಗುರುತಿಗೆ ಪುಸ್ತಕದಲ್ಲಿ ಭಾವಚಿತ್ರ ಅಂಟಿಸಲಾಯಿತು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಸಿನ್ಹಾ ಅವರ ಮುಂದಾಳುತನದಲ್ಲಿ ಹಳ್ಳಿಯ ಹೆಂಗಸರು ಬ್ಯಾಂಕು ತೆರೆಯಲು ಹೊರಟಾಗ, ಪ್ರವರ್ತಕರು ನಿರಕ್ಷರಿಗಳೆಂಬ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು. ಅವರು ಅಕ್ಷರಾಭ್ಯಾಸಕ್ಕೆ ತೊಡಗಿದರು. ತಮಗೆ ಓದು ಬಾರದಿದ್ದರೂ ಎಷ್ಟು ಅಸಲಿಗೆ ಎಷ್ಟು ಬಡ್ಡಿಯೆಂದು ಯಂತ್ರದ ಹಂಗಿಲ್ಲದೆ ಹೇಳಬಲ್ಲೆವೆಂದು ಅಧಿಕಾರಿಗಳೆದುರು ವಾದಿಸಿದರು. 1997ರಲ್ಲಿ ಮಾಣದೇಶಿ ಬ್ಯಾಂಕು ಆರಂಭವಾಯಿತು. ಲೆಕ್ಕ ಬಲ್ಲವರಿಗೆ ಲಿಪಿ ಬಾರದಿರಬಹುದು ಎಂಬ ಸಾಮಾನ್ಯ ಸಂಗತಿಯನ್ನು ಅಕ್ಷರಸ್ಥ ಲೋಕವು ಎಷ್ಟು ತಡವಾಗಿ ಅರಿಯುತ್ತದೆ!

ಇದರೆದುರಿಗೆ ಮತ್ತೊಂದು ಸಂಗತಿಯನ್ನು ಇಟ್ಟು ನೋಡಬೇಕು. 2013ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ‘ಭಾರತೀಯ ಮಹಿಳಾ ಬ್ಯಾಂಕ್’ ಎಂಬ ಹೆಸರಿನಲ್ಲಿ ವಿಜೃಂಭಣೆಯಿಂದ ಒಂದು ಬ್ಯಾಂಕನ್ನು ತೆರೆಯಿತು. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಉದ್ದೇಶವು ಒಳ್ಳೆಯದೇ, ಆದರೆ ನಾಲ್ಕು ಸಾವಿರ ಕೈಗಳಿಂದ ಹತ್ತು ಹತ್ತು ರೂಪಾಯಿ ಕೂಡಿ ಬಂದ ಬ್ಯಾಂಕು ಅರ್ಧ ಶತಮಾನ ದಾಟಿ ನಿಂತಿದೆ, ಮೇಲಿನಿಂದ ಇಳಿದು ಬಂದ ಬ್ಯಾಂಕು ನಾಲ್ಕು ವರ್ಷವನ್ನೂ ಕಾಣಲಿಲ್ಲ.

ಕರ್ನಾಟಕವು ಈ ವಿಷಯದಲ್ಲಿ ಹಿಂದೆ ಬಿದ್ದ ನಾಡಲ್ಲ. 1984–85ರ ಸುಮಾರಿನಲ್ಲಿ ಮೈರಾಡ ಸಂಸ್ಥೆಯ ಕ್ಷೇತ್ರದಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯುಳ್ಳ ಹಳ್ಳಿಗರು ಚಿಕ್ಕ ಚಿಕ್ಕ ಗುಂಪುಗಳಾಗಿ ಕೂಡಿ ಉಳಿತಾಯ ಮಾಡತೊಡಗಿದರು. ಇಂದಿನ ಸ್ವಸಹಾಯ ಸಂಘಗಳ ಮೂಲಗಳಲ್ಲಿ ಅದೂ ಒಂದು. 1992ರಲ್ಲಿ ನಬಾರ್ಡ್ ಸಂಸ್ಥೆಯು ಇಂತಹ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗಕ್ಕೆ ತೊಡಗಿತು. 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದಿತು. ವಾರಕ್ಕೊಮ್ಮೆ ಕೂಡುವ ಹದಿನೈದು ಇಪ್ಪತ್ತು ಹೆಂಗಸರ ಆ ಕೂಟದಲ್ಲಿ ಯಾರ ಮನೆಯ ಸ್ಥಿತಿ ಹೇಗಿದೆ, ಯಾರ ಎಮ್ಮೆ ಬತ್ತಿದೆ, ಯಾರಿಗೆ ಈ ತಿಂಗಳು ಕಂತು ಕಟ್ಟಲಾಗದು ಎಂಬುದು ಎಲ್ಲರಿಗೂ ಗೊತ್ತು. ಆ ಅರಿವೇ ಅದರ ಬಂಡವಾಳ.

ಇಲ್ಲಿಯೇ ಒಂದು ಕಠಿಣವಾದ ಮಾತನ್ನು ಹೇಳದೆ ವಿಧಿಯಿಲ್ಲ. ಹೊರಗಿನ ಲೇವಾದೇವಿಯವರು ಈ ಕೂಟದ ಬಲವನ್ನು ಕಂಡು ಅದನ್ನು ತಮ್ಮ ವಸೂಲಿಗೆ ಬಳಸಿಕೊಂಡರು. ಒಬ್ಬಳ ಸಾಲಕ್ಕೆ ಉಳಿದವರ ಜಾಮೀನು. ಒಬ್ಬಳು ತಪ್ಪಿದರೆ ಉಳಿದವರೇ ಅವಳ ಬಾಗಿಲಲ್ಲಿ ಕೂಡಬೇಕು. ಉಳಿತಾಯದ ಗುಂಪಿನಲ್ಲಿ ಕಷ್ಟವನ್ನು ತಿಳಿಯಲು ಇದ್ದ ನೆರೆಯು ಇಲ್ಲಿ ಕಾವಲಾಗಿ ಮಾರ್ಪಟ್ಟಿತು. ಒಂದು ಸಂಸ್ಥೆಯ ಕಂತನ್ನು ಕಟ್ಟಲು ಮತ್ತೊಂದರಲ್ಲಿ ಸಾಲ, ಅದಕ್ಕೆ ಮೂರನೆಯದರಲ್ಲಿ. 2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಊರು ಬಿಟ್ಟು ಹೋದವರ, ಪ್ರಾಣ ಕಳೆದುಕೊಂಡವರ ವಾರ್ತೆಗಳು ಬಂದವು. ಫೆಬ್ರವರಿಯಲ್ಲಿ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಸ್ತ್ರೀಯರನ್ನು ಗುಂಪು ಕಟ್ಟಿದ ಮಾತ್ರಕ್ಕೆ ಉದ್ಧಾರವಾಯಿತೆಂದು ವರದಿ ಬರೆಯುವವರು ಇದನ್ನು ಮರೆಯಬಾರದು. ಕೂಟದ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಬಡ್ಡಿ ಎಷ್ಟೆಂದು ನಿಶ್ಚಯಿಸುವವರು ಯಾರು, ಬಡ್ಡಿಯ ಹಣ ಕೊನೆಗೆ ಯಾರ ಪೆಟ್ಟಿಗೆಗೆ ಸೇರುತ್ತದೆ ಎಂದು ಕೇಳಿದರೆ ಸಂಘ ಯಾವುದು, ಬಲೆ ಯಾವುದು ಎಂಬುದು ತಿಳಿಯುತ್ತದೆ.

ಹಣದಷ್ಟೇ ಮುಖ್ಯವಾದುದು ದಾರಿ ಬಲ್ಲವರ ಮಾತು. ಗಂಡಸು ವ್ಯಾಪಾರಕ್ಕೆ ಇಳಿದರೆ ಅವನಿಗೆ ಅರಿವಿಲ್ಲದೆಯೇ ಎಷ್ಟೋ ಬೆಂಬಲವಿರುತ್ತದೆ. ಅಡತಿ ಅಂಗಡಿಯಲ್ಲಿ ಚಿಕ್ಕಪ್ಪ, ಬ್ಯಾಂಕಿನಲ್ಲಿ ವಸತಿನಿಲಯದ ಗೆಳೆಯ, ಸಂಜೆಯ ಚಹದ ಅಂಗಡಿಯಲ್ಲಿ ಧಾರಣೆಯ ಸುದ್ದಿ. ಹೆಣ್ಣುಮಗಳಿಗೆ ಈ ಜಾಲವು ಮದುವೆಯೊಡನೆ ಹರಿದುಹೋಗುತ್ತದೆ. ಓದಿದ ಊರು ಒಂದು, ಬಾಳುವ ಊರು ಮತ್ತೊಂದು. ಜೊತೆಗೆ ಕಲಿತವರು ಚದುರಿ ಹೋಗುತ್ತಾರೆ. ಹೊಸ ಊರಿನಲ್ಲಿ ಅವಳು ಇಂತಹವರ ಸೊಸೆ ಮಾತ್ರ. ಪ್ಯಾಕೆಟ್ಟಿನ ತಿನಿಸಿಗೆ ಆಹಾರ ಸುರಕ್ಷತೆಯ ನೋಂದಣಿ ಎಲ್ಲಿ, ಜಿ.ಎಸ್.ಟಿ. ಯಾವಾಗ ಅನ್ವಯಿಸುತ್ತದೆ, ರಟ್ಟಿನ ಪೆಟ್ಟಿಗೆ ಎಲ್ಲಿ ಅಗ್ಗ ಎಂದು ಕೇಳಲು ಅವಳಿಗೆ ಯಾರಿದ್ದಾರೆ? 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕದ ಮಹಿಳಾ ಉದ್ಯಮಿಗಳ ಸಂಘ ‘ಅವೇಕ್’ ಈ ಕೊರತೆಯನ್ನೇ ಗುರುತಿಸಿತು. ಉದ್ಯಮದಲ್ಲಿ ನೆಲೆ ನಿಂತವರು ಹೊಸಬರಿಗೆ ದಾರಿ ಹೇಳುವುದೇ ಅದರ ಕ್ರಮ. ಆದರೆ ಬೆಂಗಳೂರಿನ ಬೆಳಕು ತಾಲೂಕಿನ ಊರಿಗೆ ತಾನಾಗಿ ಮುಟ್ಟುವುದಿಲ್ಲ. ಪ್ರತಿಯೊಂದು ಊರಿನಲ್ಲಿಯೂ ಅಂತಹ ಒಂದು ಜಗಲಿ ಬೇಕು.

ಆ ಜಗಲಿಯಾಗಲು ಶಾಲೆಗಿಂತ ಯೋಗ್ಯವಾದ ಸ್ಥಳ ಬೇರೆ ಇಲ್ಲ. ಅನೇಕ ಕಡೆ ಹಳೆಯ ವಿದ್ಯಾರ್ಥಿಗಳ ಸಂಘದ ಪಟ್ಟಿಯನ್ನು ತೆರೆದರೆ ಗಂಡಸರ ಹೆಸರಿನೊಡನೆ ಹುದ್ದೆ, ಊರು, ದೂರವಾಣಿ ಎಲ್ಲವೂ ಇರುತ್ತವೆ. ವಿದ್ಯಾರ್ಥಿನಿಯರ ಹೆಸರಿನೊಡನೆ ತಂದೆಯ ವಿಳಾಸ. ಅವರು ಇಂದು ಎಲ್ಲಿ, ಏನು ಮಾಡುತ್ತಿದ್ದಾರೆಂದು ವಿಚಾರಿಸಿ ಬರೆದಿಡುವುದು ಒಂದು ವರ್ಷದ ಕೆಲಸ, ಖರ್ಚು ಅತ್ಯಲ್ಪ. ಉಪಾಧ್ಯಾಯರು ಮಾಡಬಹುದಾದುದೂ ಉಂಟು. ಲಾಭನಷ್ಟದ ಲೆಕ್ಕಗಳಲ್ಲಿ ‘ಒಬ್ಬ ವ್ಯಾಪಾರಿಯು’ ಕೊಂಡು ಮಾರುತ್ತಲೇ ಬಂದಿದ್ದಾನೆ. ರೊಟ್ಟಿ ಮಾರುವ ತಾಯಿಯ ಜೋಳ, ಉರುವಲು, ಉದ್ದರಿ, ಬಡ್ಡಿಗಳನ್ನೇ ಲೆಕ್ಕವಾಗಿ ಹಲಗೆಯ ಮೇಲೆ ಬರೆದರೆ ಒಂಬತ್ತನೆಯ ತರಗತಿಯ ಹುಡುಗಿಗೆ ತನ್ನ ಮನೆಯ ದುಡ್ಡು ಎಲ್ಲಿ ಸೋರುತ್ತದೆಂಬುದು ಕಣ್ಣಿಗೆ ಕಟ್ಟುತ್ತದೆ.

ಇನ್ನು ದಾನಿಗಳ ವಿಚಾರ. ಹೊಲಿಗೆ ಯಂತ್ರಗಳನ್ನು ವಿತರಿಸುವ ಸಮಾರಂಭಗಳು ಎಲ್ಲೆಡೆ ನಡೆಯುತ್ತವೆ. ಹಾರ, ಭಾಷಣ, ಛಾಯಾಚಿತ್ರಗಳಾದ ಮೇಲೆ ಯಂತ್ರವು ಮನೆಯ ಮೂಲೆಯಲ್ಲಿ ಮುಸುಕು ಹೊದ್ದು ಕೂಡುತ್ತದೆ. ಹೊಲಿಯಲು ಬಟ್ಟೆ ತಂದುಕೊಡುವವರಿಲ್ಲದ ಮೇಲೆ ಯಂತ್ರ ಮಾಡುವುದೇನು? ದಾನ ಕೊಟ್ಟವರಿಗೆ ತೃಪ್ತಿ, ಪಡೆದವಳಿಗೆ ಋಣ, ಕೆಲಸ ಮಾತ್ರ ಯಾರಿಗೂ ಇಲ್ಲ. ಅದೇ ಹಣವನ್ನು ಖರೀದಿಯ ಮುಂಗಡವಾಗಿ ಇಟ್ಟರೆ ಫಲ ಬೇರೆ. ವಿದ್ಯಾಸಂಸ್ಥೆಗಳಿಗೆ ಸಮವಸ್ತ್ರ ಬೇಕು, ವಸತಿನಿಲಯಗಳಿಗೆ ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿ ಬೇಕು, ಜಾತ್ರೆಯ ದಾಸೋಹಕ್ಕೆ ಸಾವಿರಗಟ್ಟಲೆ ರೊಟ್ಟಿ ಬೇಕು. ರೊಟ್ಟಿಯನ್ನು ಭಕ್ತರು ಸೇವೆಯಾಗಿ ತರುವುದು ಸಂಪ್ರದಾಯ, ಅದು ನಡೆಯಲಿ. ಆದರೆ ಹಣ ಕೊಟ್ಟು ಕೊಳ್ಳುವ ಉಳಿದ ಪದಾರ್ಥಗಳು ದೂರದ ನಗರದ ಗುತ್ತಿಗೆದಾರನಿಂದಲೇ ಬರಬೇಕೆಂಬ ಸಂಪ್ರದಾಯವೇನೂ ಇಲ್ಲ. ಬೆಲೆಯಲ್ಲಿಯೂ ಗುಣದಲ್ಲಿಯೂ ರಿಯಾಯಿತಿ ತೋರಬೇಕಾಗಿಲ್ಲ. ಹೊಲಿಗೆ ಸರಿಯಿಲ್ಲದಿದ್ದರೆ ಹಿಂದಿರುಗಿಸಲಿ. ತೋರಬೇಕಾದುದು ಹೊತ್ತಿಗೆ ಹಣ ಕೊಡುವ ಶಿಸ್ತನ್ನು. ಸಣ್ಣ ಉದ್ಯಮಗಳ ಬಾಕಿಯನ್ನು 45 ದಿನಗಳೊಳಗೆ ತೀರಿಸಬೇಕೆಂದು 2006ರ ಕಾಯಿದೆಯೇ ಹೇಳುತ್ತದೆ. ನೋಂದಣಿಯಿಲ್ಲದ ಗೃಹಿಣಿಯು ಆ ಕಾಯಿದೆಯನ್ನು ಹಿಡಿದು ಕೇಳಲಾರಳು. ಸಂಸ್ಥೆಗಳು ಹದಿನೈದು ದಿನವೆಂದು ತಾವೇ ನಿಯಮ ಮಾಡಿಕೊಂಡರೆ ತಡೆಯುವವರಾರು?

ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಮಕ್ಕಳ ಮೈಮೇಲೆ ಹೊಸ ಸಮವಸ್ತ್ರವಿರಬೇಕಾದರೆ ಅಳತೆಯನ್ನು ಪರೀಕ್ಷೆಗೆ ಮುನ್ನವೇ, ಫಾಲ್ಗುಣ ಮಾಸದಲ್ಲಿ, ತೆಗೆದುಕೊಳ್ಳಬೇಕಾಗುತ್ತದೆ. ಬಟ್ಟೆಯ ತಾನುಗಳನ್ನು ಗಿರಣಿಯಿಂದ ಸಂಸ್ಥೆಯೇ ಸಗಟಾಗಿ ತರಿಸಿ, ಹೊಲಿಗೆಯ ಕೂಲಿಯಲ್ಲಿ ಮೂರನೆಯ ಒಂದು ಪಾಲನ್ನು ಯುಗಾದಿಯ ಹೊತ್ತಿಗೆ ಮುಂಗಡವಾಗಿ ಕೊಟ್ಟರೆ, ದಾರ, ಗುಂಡಿ, ಕಾಜಾ ಹೊಲಿಗೆಗಾಗಿ ಹೆಣ್ಣುಮಕ್ಕಳು ಬಡ್ಡಿಯ ಸಾಲಕ್ಕೆ ಹೋಗಬೇಕಾಗುವುದಿಲ್ಲ. ಆಡಳಿತ ಮಂಡಳಿಯ ಮಾಘ ಮಾಸದ ಸಭೆಯಲ್ಲಿ ಈ ಒಂದು ಠರಾವು ಸಾಕು.