ಲೆಕ್ಕಕ್ಕೆ ಬಾರದವರು

ಚಕ್ರವರ್ತಿ ಅಗಸ್ಟಸನ ಆಜ್ಞೆಯಂತೆ ಹೆಸರು ಬರೆಸಲು ಸಂತ ಜೋಸೆಫರು ಗರ್ಭಿಣಿ ಮರಿಯಮ್ಮನವರೊಡನೆ ಬೆತ್ಲೆಹೇಮಿಗೆ ಹೋದ ವೃತ್ತಾಂತವನ್ನು ಪ್ರತಿ ಕ್ರಿಸ್ಮಸ್ ರಾತ್ರಿ ನಾವು ಕೇಳುತ್ತೇವೆ. ಅಂದಿನ ಅರಸರಿಗೆ ಗಣತಿ ಬೇಕಿದ್ದುದು ತೆರಿಗೆಗೆ, ಸೈನ್ಯಕ್ಕೆ. ಪ್ರಜಾಪ್ರಭುತ್ವದಲ್ಲಿ ಪ್ರಜೆಗೆ ಸಲ್ಲಬೇಕಾದ ಪಾಲನ್ನು ನಿರ್ಧರಿಸುವುದೂ ಅದೇ ಗಣತಿ.

1881ರಿಂದ ಹತ್ತು ವರ್ಷಕ್ಕೊಮ್ಮೆ ನಡೆದುಬಂದ ನಮ್ಮ ಜನಗಣತಿ 2021ರಲ್ಲಿ ನಿಂತಿತು. ಕೊರೋನಾ ಮೊದಲ ಕಾರಣವಾಗಿತ್ತು. ರೋಗ ಇಳಿದ ಮೇಲೂ ವರ್ಷಗಳು ಉರುಳಿದವು. 2013ರ ಆಹಾರ ಭದ್ರತಾ ಕಾಯ್ದೆಯು ಗ್ರಾಮಗಳ ಶೇ. 75ರಷ್ಟು, ನಗರಗಳ ಶೇ. 50ರಷ್ಟು ಜನರಿಗೆ ಪಡಿತರದ ಹಕ್ಕು ನೀಡಿದೆ. ಆ ಪ್ರಮಾಣವನ್ನು ಲೆಕ್ಕಹಾಕಿದ್ದು 2011ರ ಜನಸಂಖ್ಯೆಯ ಮೇಲೆ. ಇದರಿಂದ 10 ಕೋಟಿಗೂ ಹೆಚ್ಚು ಮಂದಿ ಹೊರಗುಳಿದಿದ್ದಾರೆಂದು ಅರ್ಥಶಾಸ್ತ್ರಜ್ಞರಾದ ಜ್ಯಾಂ ಡ್ರೇಜ್ ಮತ್ತು ಸಂಗಡಿಗರು 2020ರಲ್ಲೇ ಅಂದಾಜಿಸಿದ್ದರು. ಇವರ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ಹಳೆಯದೊಂದು ಅಂಕಿ ಇವರ ಅನ್ನಕ್ಕೆ ಅಡ್ಡ ನಿಂತಿತು, ಅಷ್ಟೆ.

ಗಣತಿ ತಡವಾದಾಗ ಹೀಗಾದರೆ, ಗಣತಿ ನಡೆದರೂ ಎಣಿಕೆಗೆ ಸಿಗದವರ ಪಾಡೇನು? 2011ರಲ್ಲಿ ದೇಶದ ಕ್ರೈಸ್ತರು ಸುಮಾರು 2.78 ಕೋಟಿ, ಅಂದರೆ ಶೇ. 2.3. ಅವರಲ್ಲಿ ದಲಿತರೆಷ್ಟು ಎಂಬ ಪ್ರಶ್ನೆಗೆ ಗಣತಿಯ ವರದಿಯಲ್ಲಿ ಉತ್ತರವಿಲ್ಲ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು; 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ದೊರೆಯಿತು. ಕ್ರೈಸ್ತರಿಗೂ ಮುಸಲ್ಮಾನರಿಗೂ ದೊರೆಯಲಿಲ್ಲ. ಹೀಗಾಗಿ ಗಣತಿಯ ಪರಿಶಿಷ್ಟ ಜಾತಿಯ ಕಾಲಮ್ಮಿನಲ್ಲಿ ಅವರಿಗೆ ಸ್ಥಳವಿಲ್ಲ.

ಇದರ ಪರಿಣಾಮ 1985ರ ಸೂಸೈ ಪ್ರಕರಣದಲ್ಲಿ ಕಂಡಿತು. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ರಿಪೇರಿ ಮಾಡುತ್ತಿದ್ದ ಆದಿ ದ್ರಾವಿಡ ಕ್ರೈಸ್ತರೊಬ್ಬರು, ಅದೇ ಕಸುಬಿನ ಹಿಂದೂಗಳಿಗೆ ಸರ್ಕಾರ ನೀಡಿದ ಪೆಟ್ಟಿಗೆ ಅಂಗಡಿ ತಮಗೇಕಿಲ್ಲವೆಂದು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಮತಾಂತರದ ನಂತರವೂ ಜಾತಿಯ ಪೀಡನೆ ಅಷ್ಟೇ ತೀವ್ರವಾಗಿ ಮುಂದುವರಿದಿದೆಯೆಂದು ತೋರಿಸುವ ಸಾಕಷ್ಟು ಆಧಾರವಿಲ್ಲವೆಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಕಾನೂನಿನಲ್ಲಿ ಸ್ಥಾನವಿಲ್ಲದ್ದರಿಂದ ಲೆಕ್ಕವಿಲ್ಲ, ಲೆಕ್ಕವಿಲ್ಲದ್ದರಿಂದ ಆಧಾರವಿಲ್ಲ, ಆಧಾರವಿಲ್ಲದ್ದರಿಂದ ಸ್ಥಾನವಿಲ್ಲ! ನಮ್ಮ ತರ್ಕಶಾಸ್ತ್ರಜ್ಞರು ಇದನ್ನೇ ಚಕ್ರಕ ದೋಷವೆನ್ನುತ್ತಾರೆ. (ಧರ್ಮಸಭೆಯೊಳಗೂ ಅಸ್ಪೃಶ್ಯತೆ ಉಳಿದಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ತಾನೇ ಒಪ್ಪಿಕೊಂಡಿತು. ಆಧಾರಕ್ಕಾಗಿ ಬಹುದೂರ ಹೋಗಬೇಕಿಲ್ಲ.)

ಮುಂದಿನ ಗಣತಿಗೆ 2027ರ ಮಾರ್ಚ್ 1 ನಿಗದಿಯಾಗಿದೆ. ಅದರಲ್ಲಿ ಎಲ್ಲ ಜಾತಿಗಳನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲಿನಲ್ಲಿ ಪ್ರಕಟಿಸಿತು. ಜಾತಿ ಹೇಳಿದರೆ ವಿಶ್ವಾಸಕ್ಕೆ ದ್ರೋಹವಾದೀತೆಂಬ ಅಳುಕು ನಮ್ಮ ಕುಟುಂಬಗಳಲ್ಲಿದೆ. ವೈದ್ಯರ ಮುಂದೆ ರೋಗ ಹೇಳಿಕೊಂಡವನು ರೋಗವನ್ನು ಮೆಚ್ಚಿದನೆಂದು ಯಾರೂ ಅನ್ನರು. 1948ರ ಜನಗಣತಿ ಕಾಯ್ದೆಯ 15ನೇ ಕಲಮು ವ್ಯಕ್ತಿಯ ವಿವರಗಳನ್ನು ಗೋಪ್ಯವಾಗಿರಿಸುತ್ತದೆ; ಭಯಪಡಬೇಕಾಗಿಲ್ಲ. ನಮಗಿರುವ ಸಂದೇಹ ಬೇರೆ. 2011ರ ಸಾಮಾಜಿಕ-ಆರ್ಥಿಕ ಜಾತಿ ಸಮೀಕ್ಷೆಯ ಜಾತಿವಾರು ಅಂಕಿಗಳನ್ನು ಸಂಗ್ರಹಿಸಿದ ಮೇಲೂ ಪ್ರಕಟಿಸಲಿಲ್ಲ. ಈ ಬಾರಿಯ ಅಂಕಿಗಳು ಹೊರಬರುವವೇ, ಅವುಗಳಲ್ಲಿ ದಲಿತ ಕ್ರೈಸ್ತರ ಸಂಖ್ಯೆ ಪ್ರತ್ಯೇಕವಾಗಿ ಸಿಗುವುದೇ ಎಂಬ ಪ್ರಶ್ನೆಯನ್ನು ನಮ್ಮ ಸಂಸತ್ ಸದಸ್ಯರ ಮುಂದೆ ಈಗಲೇ ಇಡಬೇಕು.