ಮನೆಯ ನಿಯಮ ಮೋಸವಲ್ಲ

ಚೌಕಾಬಾರದ ಮಣೆಯಲ್ಲಿ 25 ಮನೆ, ಆಟಗಾರನಿಗೆ 4 ಕಾಯಿ, ಎಸೆಯಲು 4 ಕವಡೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟುಪಾಡು ಹಲವೆಡೆ ಇದೆ. ಆಟ ಉದ್ದವಾಗುವುದೇ ಅಲ್ಲಿ. ಕೆಲವರು ಅದನ್ನು ಕೈಬಿಟ್ಟು ಆಡುತ್ತಾರೆ, ಅದು ಸರಿಯೇ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಪಾತ್ರ ವಹಿಸಿ ಆಡುವ ಆಟದಲ್ಲೂ ಇದೇ ತೊಡಕು: ಪಾತ್ರಗಳ ಬಲ ಹೆಚ್ಚಿದಂತೆ ಒಂದೊಂದು ಕಾಳಗವೂ ಗಂಟೆಗಟ್ಟಲೆ. ಅಲ್ಲಿಯೂ ದಾಳಗಳನ್ನೆಲ್ಲ ಒಟ್ಟಿಗೆ ಎಸೆದು, ಹೊಡೆತಕ್ಕೆ ಸರಾಸರಿ ಲೆಕ್ಕ ಹಿಡಿದು ಹೊತ್ತು ಉಳಿಸುತ್ತಾರೆ.

ನಿಯಮ ಸಡಿಲಿಸಿದರೆ ಚಾತುರ್ಯ ಕೆಡುತ್ತದೆಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆಟದ ನಡುವೆ, ಸೋಲುವವನ ಅನುಕೂಲಕ್ಕೆ ಬದಲಿಸಿದರೆ ಖಂಡಿತ ಕೆಡುತ್ತದೆ. ಆದರೆ ಸರದಿ ಕಾದು ಬೇಸತ್ತವನಲ್ಲಿ ಚಾತುರ್ಯ ಉಳಿದೀತೇ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಶಾಲೆಗಳು ಚೌಕಾಬಾರ ಕಲಿಸಲಿ. ಮೊದಲ ಕವಡೆ ಬೀಳುವ ಮುನ್ನ ನಿಯಮ ಗೊತ್ತುಮಾಡಿಕೊಳ್ಳಲು ಮಕ್ಕಳಿಗೇ ಬಿಡಲಿ.